ರಾಮ್ನಿ ಮಾರ್ಷ್: ಇತಿಹಾಸ ಮತ್ತು ಪುರಾತತ್ತ್ವ

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಕೆಂಟ್ ಪ್ರಾಂತದ ದಕ್ಷಿಣ ತೀರದಿಂದ ಪೂರ್ವ ಸಸೆಕ್ಸಿನ ಅಂಚಿನವರೆಗೆ, ಹೈದ್ ಮತ್ತು ರೈ ಪಟ್ಟಣಗಳ ನಡುವೆ ಹಬ್ಬಿರುವ ಸುಮಾರು 100 ಚದರ ಮೈಲಿಗಳ ಕರಾವಳಿ ಜೌಗುನೆಲ. ಒಂದೇ ಹೆಸರಿನಿಂದ ಕರೆಯುವ ರೂಢಿಯಿದ್ದರೂ ಇದು ವಸ್ತುತಃ ಹಲವು ಜೌಗುಗಳ ಸಮುಚ್ಚಯ: ಈಶಾನ್ಯದಲ್ಲಿ ಎಲ್ಲಕ್ಕಿಂತ ಮೊದಲು ಬೇಸಾಯಕ್ಕೆ ಒಳಪಟ್ಟ ಮೂಲ ರಾಮ್ನಿ ಮಾರ್ಷ್, ನೈರುತ್ಯದಲ್ಲಿ ವಾಲೆಂಡ್ ಮಾರ್ಷ್, ದಕ್ಷಿಣದಲ್ಲಿ ಡೆಂಜ್ ಮಾರ್ಷ್, ಅದರಾಚೆ ತ್ರಿಕೋಣಾಕಾರದಲ್ಲಿ ಕಡಲಿನೊಳಕ್ಕೆ ಚಾಚಿರುವ ಡಂಜನೆಸ್ ಎಂಬ ಉರುಟುಗಲ್ಲಿನ ಭೂಶಿರ. ಇವುಗಳ ಬೆನ್ನಿಗೆ ಹಳೆಯ ಕಡಲಂಚಿನ ಗುಡ್ಡಗಳ ಸಾಲು ಅರ್ಧಚಂದ್ರಾಕಾರವಾಗಿ ನಿಂತಿದೆ. ನೆಲದ ಬಹುಭಾಗ ಹುಣ್ಣಿಮೆ ಅಮಾವಾಸ್ಯೆಗಳ ಮಹಾ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿರುವುದರಿಂದ, ಕಡಲ ಕಟ್ಟೆಯೂ ಒಳನಾಡಿನ ತೂಬು ಕಾಲುವೆಗಳೂ ಸುಸ್ಥಿತಿಯಲ್ಲಿರುವಷ್ಟು ಕಾಲ ಮಾತ್ರ ಇದು ನೆಲವಾಗಿ ಉಳಿಯತಕ್ಕದ್ದು. ಇಂಥ ಭೂಮಿಯ ಚರಿತ್ರೆಯನ್ನು ಬರೆದ ಹಿಂದಿನವರು ಅದರ ನಿರ್ಮಾಣದ ಕೀರ್ತಿಯನ್ನು ರೋಮನ್ ಸೇನಾನಿಗಳಿಗೂ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಿಗೂ, ಅದರ ವಿನಾಶದ ಹೊಣೆಯನ್ನು ಒಂದೆರಡು ಚಂಡಮಾರುತಗಳಿಗೂ ಹಂಚಿಕೊಟ್ಟು ತೃಪ್ತರಾಗಿದ್ದರು; ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಮಣ್ಣನ್ನೇ ದಾಖಲೆಯಾಗಿ ಓದತೊಡಗಿದ ವಿದ್ವಾಂಸರು ಈ ಹಂಚಿಕೆಯನ್ನು ಬಹುಮಟ್ಟಿಗೆ ತಿದ್ದಿ, ಹೆಸರಿಲ್ಲದ ಒಕ್ಕಲುಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸಿದ್ದಾರೆ. ಈ ಪ್ರದೇಶದ ಪುರಾತತ್ತ್ವಕ್ಕೆ ಸ್ಥಳೀಯ ಕುತೂಹಲವನ್ನು ಮೀರಿದ ಬೆಲೆ ಬಂದಿರುವುದು ಇದರಿಂದಲೇ.

ಹಿಮಯುಗ ಮುಗಿದು ಕಡಲಮಟ್ಟ ಏರುತ್ತ ಬಂದಂತೆ ಈ ಕೊಲ್ಲಿಯಲ್ಲಿ ಮರಳು ಮತ್ತು ಹೂಳು ತುಂಬಿದುವು. ಪಶ್ಚಿಮದಿಂದ ಪೂರ್ವಕ್ಕೆ ತೀರದುದ್ದಕ್ಕೂ ಅಲೆಗಳು ಹೊರಳಿಸಿ ತಂದ ಚಕಮಕಿ ಕಲ್ಲಿನ ಹರಳುಗಳು ಕೊಲ್ಲಿಯ ಬಾಯಿಗೆ ಅಡ್ಡಲಾಗಿ ದಿಣ್ಣೆಗಟ್ಟಿ ನಿಂತುವು. ಆ ತಡೆಯ ಮರೆಯಲ್ಲಿ, ಇಂದಿಗೆ ಸುಮಾರು 6000 ವರ್ಷಗಳಿಂದೀಚೆಗೆ, ಜೊಂಡು ಮತ್ತು ಆಲ್ಡರ್ ಮರಗಳ ವನಗಳು ಬೆಳೆದು ಕೊಳೆತು ಪೀಟ್ ಎಂಬ ಕಪ್ಪು ಸಸ್ಯಸ್ತರವಾಗಿ ಸಾವಿರಾರು ವರ್ಷಗಳ ಕಾಲ ಸಂಚಯಗೊಂಡುವು. ಅನಂತರ ತಡೆದಿಣ್ಣೆ ಅಲ್ಲಲ್ಲಿ ಒಡೆದು ಕಡಲು ಮರಳಿ ಒಳನುಗ್ಗಿ ಪೀಟಿನ ಮೇಲೆ ಹೊಸ ಹೂಳನ್ನು ಹಾಸಿತು. ಇದು ಎಲ್ಲೆಡೆಯೂ ಏಕಕಾಲಕ್ಕೆ ನಡೆದುದಲ್ಲ. ಮೂಲ ರಾಮ್ನಿ ಮಾರ್ಷಿನಲ್ಲಿ ಕಡಲು ರೋಮನರ ಆಗಮನಕ್ಕೆ ಮುಂಚೆಯೇ ಪ್ರವೇಶಿಸಿದ್ದರೆ, ವಾಲೆಂಡ್ ಮಾರ್ಷಿನಲ್ಲಿ ಪೀಟಿನ ಜೌಗು ಅದಕ್ಕಿಂತ ಬಹಳ ಕಾಲದವರೆಗೆ ಉಳಿದಿದ್ದಿತು. ನದಿಯ ಮುಖವೂ ಇದೇ ರೀತಿ ಚಂಚಲ. ಪ್ರಾಚೀನರು ಲಿಮೆನ್ ಎಂದು ಕರೆದ, ಈಗ ರಾಥರ್ ಎನಿಸಿಕೊಳ್ಳುವ ನದಿ ಮತ್ತು ಅದರ ಕವಲುಗಳು ಮೊದಲು ಹೈದಿನ ಬಳಿಯೂ, ಬಳಿಕ ರಾಮ್ನಿಯಲ್ಲಿಯೂ, ಕೊನೆಗೆ ರೈ ಪಟ್ಟಣದ ಕೆಳಗೂ ಕಡಲನ್ನು ಸೇರಿದುವು. ಬಂದರುಗಳ ಏಳುಬೀಳುಗಳೆಲ್ಲ ಈ ಸ್ಥಾನಾಂತರವನ್ನೇ ಅನುಸರಿಸಿದುವು. ರಾಥರ್ ನದಿಯ ಬತ್ತಿದ ಹಳೆಯ ಪಾತ್ರದಲ್ಲಿ 1822ರಲ್ಲಿ 60 ಅಡಿಗೂ ಮೀರಿದ ಉದ್ದದ ಪುರಾತನ ದೋಣಿಯೊಂದು ಹೂಳಿನಡಿ ದೊರೆತು, ಆ ಕಾಲದ ಜನ ಅದನ್ನು ಅಪಾರ ಕುತೂಹಲದಿಂದ ನೋಡಿದರು.

ಮಾನವನ ಅತ್ಯಂತ ಹಳೆಯ ಕುರುಹುಗಳು ಹೂಳಿನ ಕೆಳಗೆ ಹುದುಗಿರುವುದರಿಂದ ಅವು ಆಕಸ್ಮಿಕವಾಗಿಯೇ ಕೈಗೆ ಸಿಕ್ಕತಕ್ಕವು. ಲಿಡ್ ಪಟ್ಟಣದ ಬಳಿ ಜಲ್ಲಿಗಣಿಯಲ್ಲಿ ಸಿಕ್ಕ ಆದಿ ಕಂಚುಯುಗದ ಚಪ್ಪಟೆ ಕೊಡಲಿಗಳ ಗುಂಪು ಅಂಥದು. ರೋಮನರ ಕಾಲಕ್ಕೆ ಬಂದಾಗ ಚಿತ್ರ ಸ್ಪಷ್ಟವಾಗುತ್ತದೆ. ಆಗ ಈ ನೆಲದ ಮುಖ್ಯ ಬೆಳೆ ಉಪ್ಪು. ಲಿಡ್ ಪರಿಸರದ ಸ್ಕಾಟ್ನಿ ಕೋರ್ಟ್ ಮುಂತಾದ ಕಡೆ ಕಡಲನೀರನ್ನು ಕಾಸಿ ಉಪ್ಪು ತೆಗೆಯುತ್ತಿದ್ದವರ ಒರಟು ಮಣ್ಣಿನ ಪಾತ್ರೆಗಳ ಚೂರು, ಸುಟ್ಟ ಮಣ್ಣು, ಒಲೆಗಳ ಬೂದಿ ದೊರೆತಿವೆ; ಡಿಮ್‌ಚರ್ಚಿನ ಕಡಲ ಕಟ್ಟೆಯನ್ನು 19ನೆಯ ಶತಮಾನದಲ್ಲಿ ದುರಸ್ತಿಗೊಳಿಸುತ್ತಿದ್ದಾಗ ಅಲ್ಲಿಯೂ ರೋಮನ್ ಕಾಲದ ಮಡಕೆಗಳು ಹೊರಬಿದ್ದುವು. ಗುಡ್ಡದ ಅಂಚಿನ ಲಿಂಪ್ನ್ ಎಂಬಲ್ಲಿ ಪೋರ್ಟಸ್ ಲೆಮಾನಿಸ್ ಎಂಬ ಬಂದರೂ, 3ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಕೋಟೆಯೂ ಇದ್ದುವು. ಸ್ಟಟ್‌ಫಾಲ್ ಕ್ಯಾಸಲ್ ಎಂಬ ಹೆಸರಿನ ಈ ಕೋಟೆಯ ಗೋಡೆಗಳು ಭೂಕುಸಿತದಿಂದ ಓರೆಕೋರೆಯಾಗಿ ಇಳಿಜಾರಿನಲ್ಲಿ ಬಿದ್ದುಕೊಂಡಿವೆ. 1850ರಲ್ಲಿ ಚಾರ್ಲ್ಸ್ ರೋಚ್ ಸ್ಮಿತ್ ಇಲ್ಲಿ ನಡೆಸಿದ ಉತ್ಖನನದಲ್ಲಿ, ಬ್ರಿಟನ್ನಿನ ರೋಮನ್ ನೌಕಾಬಲದ ಅಧಿಪತಿ ಲೂಸಿಯಸ್ ಔಫಿಡಿಯಸ್ ಪಾಂಟೆರಾ 2ನೆಯ ಶತಮಾನದಲ್ಲಿ ನಿಲ್ಲಿಸಿದ ಬಲಿಪೀಠವೊಂದು ಕೋಟೆಯ ಬಾಗಿಲಿನ ಬಳಿ ಬರಿಯ ಕಟ್ಟಡದ ಕಲ್ಲಾಗಿ ಸೇರಿಕೊಂಡುದು ಕಂಡುಬಂದಿತು. ಅದರ ಮೈಗೆ ಕಡಲಚಿಪ್ಪಿನ ಜೀವಿಗಳು ಅಂಟಿಕೊಂಡಿದ್ದುವೆಂಬುದರಿಂದ, ಕೋಟೆಗೆ ಬರುವ ಮುನ್ನ ಅದು ಬಹುಕಾಲ ಉಪ್ಪುನೀರಿನಲ್ಲಿ ಮುಳುಗಿದ್ದಿತೆಂದು ತಿಳಿಯುತ್ತದೆ. 1976ರಿಂದ 1978ರವರೆಗೆ ಬ್ಯಾರಿ ಕನ್ಲಿಫ್ ಇದೇ ಕೋಟೆಯನ್ನು ಮತ್ತೆ ಅಗೆದು ಪರಿಶೀಲಿಸಿದರು.

ರೋಮನರು ನಿರ್ಗಮಿಸಿದ ಮೇಲೆ ಕೆಲವು ಶತಮಾನಗಳ ಮೌನ. ಅನಂತರ ಮಾತನಾಡುವುವು ಸ್ಯಾಕ್ಸನ್ ದಾನಶಾಸನಗಳು, ಮತ್ತು ಅವುಗಳಲ್ಲಿ ಮೊದಲಿಗೆ ಕೇಳಿಬರುವುದೂ ಉಪ್ಪಿನ ಮಾತೇ. 732ರಲ್ಲಿ ಕೆಂಟಿನ ಅರಸ ಎಥೆಲ್ಬರ್ಟ್ ಲಿಮಿಂಜ್ ಮಠಕ್ಕೆ ಸ್ಯಾಂಡ್‌ಟನ್ ಎಂಬಲ್ಲಿ ಉಪ್ಪು ಕಾಸುವುದಕ್ಕಾಗಿ ನೆಲವನ್ನೂ ಒಲೆಗೆ ಬೇಕಾದ ಸೌದೆಯನ್ನೂ ಗಾಡಿಗಳ ಲೆಕ್ಕದಲ್ಲಿ ಪ್ರತಿವರ್ಷವೂ ದಾನಮಾಡಿದನು. ಪಶ್ಚಿಮ ಹೈದಿನ ಬಳಿಯ ಮರಳುದಿಬ್ಬದ ಮೇಲೆ ಮೊದಲು 1940ರ ದಶಕದಲ್ಲಿಯೂ, ಮತ್ತೆ 1990ರ ದಶಕದಲ್ಲಿಯೂ ನಡೆದ ಉತ್ಖನನಗಳು, ಆ ಶಾಸನದಲ್ಲಿ ಹೇಳಿದ ಊರನ್ನೇ ಬಯಲಿಗೆ ತಂದುವೆಂದು ಒಪ್ಪಲಾಗಿದೆ: ಕಡಲಾಚೆಯ ಫ್ರಾನ್ಸಿನ ಮಡಕೆಗಳು ಅಲ್ಲಿ ಯಥೇಚ್ಛವಾಗಿ ಸಿಕ್ಕಿದುದರಿಂದ, ಉಪ್ಪು ಕಾಸುವ ಆ ಪುಟ್ಟ ನೆಲೆ ವಿದೇಶ ವ್ಯಾಪಾರದಲ್ಲಿಯೂ ಪಾಲ್ಗೊಂಡಿದ್ದಿತೆಂಬುದು ಸಿದ್ಧವಾಯಿತು. ಶಾಸನವೂ ಮಣ್ಣೂ ಇಷ್ಟು ನಿಕಟವಾಗಿ ಪರಸ್ಪರ ಸಮರ್ಥಿಸುವ ಪ್ರಸಂಗಗಳು ವಿರಳ. ಆ ವೇಳೆಗೆ ಜೌಗಿನ ನಿವಾಸಿಗಳು ಪ್ರತ್ಯೇಕ ಜನವಾಗಿಯೇ ಗಣಿಸಲ್ಪಡುತ್ತಿದ್ದರು; ಆಂಗ್ಲೋ ಸ್ಯಾಕ್ಸನ್ ವೃತ್ತಾಂತ ಅವರನ್ನು ಮೆರ್ಸ್ಕ್‌ವಾರೆ, ಅಂದರೆ ಜೌಗಿನ ಜನ, ಎಂದು ಕರೆದು, ಹಡಗೇರಿ ಬಂದ ಉತ್ತರದವರ ಕೈಯಲ್ಲಿ ಅವರು ಹತರಾದುದನ್ನು ಹೇಳುತ್ತದೆ. 892ರಲ್ಲಿ ಡೇನರ ದೊಡ್ಡ ನೌಕಾದಳ ಲಿಮೆನ್ ನದಿಯ ಮುಖದಿಂದ ಒಳಬಂದು, ಅಪೂರ್ಣವಾಗಿದ್ದ ಕೋಟೆಯೊಂದನ್ನು ಹಿಡಿದು, ಆಪಲ್‌ಡೋರಿನಲ್ಲಿ ಪಾಳೆಯ ಹೂಡಿದುದನ್ನೂ ಅದೇ ವೃತ್ತಾಂತದಿಂದ ತಿಳಿಯುತ್ತೇವೆ. ಇಂದು ಆಪಲ್‌ಡೋರ್ ಕಡಲಿನಿಂದ ಹಲವು ಮೈಲಿ ಒಳನಾಡಿನಲ್ಲಿದೆ.

ಈ ಪ್ರದೇಶದ ಪುರಾತತ್ತ್ವದಲ್ಲಿ ಅತಿಹೆಚ್ಚು ಚರ್ಚೆಗೆ ಒಳಗಾದ ರಚನೆಯೆಂದರೆ ರೀ ವಾಲ್. ಆಪಲ್‌ಡೋರಿನಿಂದ ಸ್ನಾರ್‌ಗೇಟ್, ಬ್ರೆನ್‌ಜೆಟ್, ಓಲ್ಡ್ ರಾಮ್ನಿಗಳ ಮೂಲಕ ನ್ಯೂ ರಾಮ್ನಿಯವರೆಗೆ ಏಳು ಮೈಲಿಗೂ ಹೆಚ್ಚು ದೂರ, ಸುತ್ತಲಿನ ಗದ್ದೆಬಯಲಿಗಿಂತ ಎತ್ತರದಲ್ಲಿ ಸಾಗುವ ಈ ಜೋಡಿ ಏರಿಯ ಮೇಲೆ ಇಂದು ಬಹುಪಾಲು ರಸ್ತೆ ಹಾದುಹೋಗಿದೆ. ಇದರ ಪೂರ್ವದ ನೆಲ ಹಳೆಯದು, ಪಶ್ಚಿಮದ್ದು ಹೊಸದು ಎಂಬ ಗ್ರಹಿಕೆಯಿಂದ, ಇದು ಜೌಗನ್ನು ಕಡಲಿನಿಂದ ರಕ್ಷಿಸಲು ರೋಮನರು ಕಟ್ಟಿದ ಮಹಾಪ್ರಾಕಾರವೆಂದು ತಲೆಮಾರುಗಳ ಕಾಲ ನಂಬಲಾಗಿದ್ದಿತು. ಅಷ್ಟು ನೇರವಾದ, ಅಷ್ಟು ದೀರ್ಘವಾದ ಕಾರ್ಯವನ್ನು ಮಧ್ಯಯುಗದ ಹಳ್ಳಿಗರು ಸಾಧಿಸಿರಲಾರರೆಂಬ ಅವಿಚಾರಿತ ತಿರಸ್ಕಾರವೂ ಆ ನಂಬಿಕೆಯ ಹಿಂದೆ ಇದ್ದಿತೆಂದು ಹೇಳದೆ ವಿಧಿಯಿಲ್ಲ. ಆದರೆ ಏರಿಯ ಎರಡು ಬದಿಯ ಹಳೆಯ ಹೊಲಗಡಿಗಳನ್ನೂ ತೊರೆಗಳ ಗುರುತನ್ನೂ ಕೂಲಂಕಷವಾಗಿ ಪರಿಶೀಲಿಸಿದಾಗ, ಅವು ಒಂದು ಬದಿಯಿಂದ ಇನ್ನೊಂದು ಬದಿಗೆ ಮುಂದುವರಿಯುವುದೂ, ರೀ ಅವುಗಳನ್ನು ಅಡ್ಡಲಾಗಿ ಕಡಿದು ಸಾಗಿರುವುದೂ ಕಂಡಿತು. ಎಂದಮೇಲೆ ಇದು ಹುಟ್ಟುವುದಕ್ಕೆ ಮೊದಲೇ ಅಲ್ಲಿ ಉತ್ತು ಬಿತ್ತಿದ ಹೊಲಗಳಿದ್ದುವು. ವಾಸ್ತವದಲ್ಲಿ ಇದು ಗೋಡೆಯೇ ಅಲ್ಲ. 13ನೆಯ ಶತಮಾನದಲ್ಲಿ ಹಂತಹಂತವಾಗಿ ನಿರ್ಮಿತವಾದ ಕಾಲುವೆ. ನ್ಯೂ ರಾಮ್ನಿಯ ಬಂದರು ಹೂಳಿನಿಂದ ಮುಚ್ಚಿಹೋಗುತ್ತಿರಲು, ಉಬ್ಬರದ ನೀರನ್ನೂ ನದಿಯ ನೀರನ್ನೂ ಎರಡು ಏರಿಗಳ ನಡುವೆ ಹಿಡಿದು ನಿಲ್ಲಿಸಿ, ಇಳಿತದ ವೇಳೆಯಲ್ಲಿ ತೂಬುಗಳನ್ನೆತ್ತಿ ರಭಸದಿಂದ ಹರಿಯಬಿಟ್ಟು ಬಂದರನ್ನು ತೊಳೆಯುವುದು ಇದರ ಉದ್ದೇಶ. ಆಪಲ್‌ಡೋರಿನವರೆಗೆ ಹೊಸ ಜಲಮಾರ್ಗವನ್ನು ತೋಡುವ ಬಗ್ಗೆ 1258ರಲ್ಲಿ ಹೊರಟ ರಾಜಾಜ್ಞೆ ಉಳಿದುಬಂದಿದೆ. ಇಷ್ಟೆಲ್ಲ ಶ್ರಮದಿಂದಲೂ ಬಂದರು ಉಳಿಯಲಿಲ್ಲ. ತೊಳೆಯುವ ನೀರೇ ಹೂಳನ್ನೂ ಹೊತ್ತು ತಂದು ಕಾಲುವೆಯ ತಳ ಏರುತ್ತ ಹೋಗಿ, 15ನೆಯ ಶತಮಾನದ ಆರಂಭದ ಹೊತ್ತಿಗೆ ರೀ ನಿರುಪಯುಕ್ತವಾಗಿ, ಅದರ ಪಾತ್ರವೇ ಹುಲ್ಲುಗಾವಲಾಯಿತು. ರೋಮನ್ ವಿಜಯಸ್ತಂಭವೆಂದು ಭಾವಿಸಿದ್ದುದು ಒಂದು ಸಣ್ಣ ಪಟ್ಟಣ ತನ್ನ ಬಂದರನ್ನು ಉಳಿಸಿಕೊಳ್ಳಲು ಒಂದು ಶತಮಾನಕ್ಕೂ ಮೀರಿ ಹೋರಾಡಿದುದರ ಗುರುತೆಂದು ತಿಳಿದಾಗ ಅದರ ಗೌರವ ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಇದೇ ಬಗೆಯ ತಿದ್ದುಪಡಿ ವಾಲೆಂಡ್ ಮಾರ್ಷಿನ ಇನ್ನಿಂಗ್ಸ್, ಎಂದರೆ ಕಟ್ಟೆ ಹಾಕಿ ಕಡಲಿನಿಂದ ಬಿಡಿಸಿಕೊಂಡ ನೆಲಗಳ ವಿಷಯದಲ್ಲಿಯೂ ನಡೆದಿದೆ. ಅಲ್ಲಿನ ಒಂದೊಂದು ಭಾಗಕ್ಕೆ ಬೆಕೆಟ್, ಬಾಲ್ಡ್ವಿನ್, ಬೋನಿಫೇಸ್, ಪೆಕಮ್ ಎಂಬ ಮಹಾಧರ್ಮಾಧ್ಯಕ್ಷರ ಹೆಸರು ಅಂಟಿಕೊಂಡಿರುವುದರಿಂದ, ಅವರು ಒಬ್ಬರಾದ ಮೇಲೊಬ್ಬರು ಕ್ರಮವಾಗಿ ಜೌಗನ್ನು ಗೆದ್ದರೆಂಬ ಸರಳ ಕಥನ ಪ್ರಚಾರಕ್ಕೆ ಬಂದಿದ್ದಿತು. ಕ್ಯಾಂಟರ್ಬರಿಯ ಕ್ರೈಸ್ಟ್ ಚರ್ಚ್ ಮಠ ಇಲ್ಲಿ ದೊಡ್ಡ ಭೂಸ್ವಾಮಿಯಾಗಿದ್ದುದು ನಿಜ. ಆದರೆ 12ನೆಯ ಶತಮಾನದ ಮಧ್ಯಭಾಗದ ದಾನಪತ್ರದಲ್ಲಿ ಆ ಮಠವೇ ಬಾಲ್ಡ್ವಿನ್ ಎಂಬ ಹೆಸರಿನ ಒಬ್ಬ ಗೇಣಿದಾರನಿಗೆ, ಸ್ವಂತ ಖರ್ಚಿನಿಂದ ಕಡಲಿಗೆದುರಾಗಿ ಎಷ್ಟು ನೆಲವನ್ನು ಕಟ್ಟಿಕೊಳ್ಳಬಲ್ಲನೋ ಅಷ್ಟನ್ನೂ ಅನುಭವಿಸತಕ್ಕದ್ದೆಂದು ಬರೆದುಕೊಟ್ಟಿತು. ಕಟ್ಟೆಯ ಮೇಲೆ ಮಣ್ಣು ಹೊತ್ತವರಾರು, ಹೊಣೆ ಹೊತ್ತವರಾರು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಮಣ್ಣಿನ ಸಾಕ್ಷ್ಯವೂ ಇದನ್ನೇ ಸಮರ್ಥಿಸಿತು. ಬಹುಕಾಲದಿಂದ ಮಳೆನೀರಿಗೆ ಒಡ್ಡಿಕೊಂಡು ಮೇಲ್ಪದರದ ಸುಣ್ಣವೆಲ್ಲ ತೊಳೆದುಹೋದ ಮಣ್ಣು ಹಳೆಯ ಜೌಗಿನದು, ಸುಣ್ಣ ಇನ್ನೂ ಉಳಿದಿರುವುದು ಹೊಸ ಜೌಗಿನದು ಎಂಬ ಸೂತ್ರವನ್ನು ಹಿಡಿದು ಆರ್. ಡಿ. ಗ್ರೀನ್ ಇಡೀ ಪ್ರದೇಶವನ್ನು ಸಮೀಕ್ಷಿಸಿ 1968ರಲ್ಲಿ ಪ್ರಕಟಿಸಿದ ಮೃತ್ತಿಕಾ ಗ್ರಂಥವೂ ಭೂಪಟವೂ ಮುಂದಿನ ಸಂಶೋಧನೆಗೆಲ್ಲ ಅಡಿಗಲ್ಲಾದುವು. ವಕ್ರವಕ್ರವಾದ ಸಣ್ಣ ಹೊಲಗಳು, ಬತ್ತಿದ ತೊರೆಗಳ ಜಾಡಿನಲ್ಲೇ ಸಾಗುವ ಗಡಿಗಳು, ತುಂಡುತುಂಡಾಗಿ ಜೋಡಿಸಿದ ಏರಿಗಳು, ಇವೆಲ್ಲ ಒಂದು ಕೇಂದ್ರದಿಂದ ಹೊರಟ ಯೋಜನೆಯನ್ನು ಸೂಚಿಸದೆ, ನೆರೆಹೊರೆಯವರು ಕೂಡಿ ವರ್ಷವರ್ಷವೂ ಅಷ್ಟಷ್ಟೇ ಮುಂದುವರಿಸಿದ ಕೆಲಸವನ್ನು ಸೂಚಿಸುತ್ತವೆ.

ಹೀಗೆ ಪಡೆದುದನ್ನು ಉಳಿಸಿಕೊಳ್ಳುವುದಕ್ಕೆ ಅವರು ರೂಪಿಸಿಕೊಂಡ ಆಡಳಿತ ವ್ಯವಸ್ಥೆಯೇ ರಾಮ್ನಿ ಮಾರ್ಷ್ ಇಂಗ್ಲೆಂಡಿಗೆ ಕೊಟ್ಟ ಅತ್ಯಮೂಲ್ಯ ಕೊಡುಗೆಯೆಂದು ಈ ಲೇಖಕನ ದೃಢವಾದ ಅಭಿಪ್ರಾಯ. ಕಟ್ಟೆಯ ಒಂದು ಗೇಣು ಕುಸಿದರೂ ಎಲ್ಲರ ಹೊಲವೂ ಮುಳುಗುವುದರಿಂದ, ಕಡಲಂಚಿನವನಷ್ಟೇ ಅಲ್ಲ, ಮೈಲಿಗಟ್ಟಲೆ ಒಳಗಿರುವವನೂ ತನ್ನ ಹಿಡುವಳಿಗೆ ತಕ್ಕಷ್ಟು ಭಾರವನ್ನು ಹೊರಬೇಕೆಂಬ ನ್ಯಾಯ ಇಲ್ಲಿ ಅನಾದಿಯಿಂದ ರೂಢಿಯಲ್ಲಿದ್ದಿತು. ಜೌಗಿನವರೇ ಆರಿಸಿದ 24 ಮಂದಿ ಜ್ಯೂರಟರು ಪ್ರಮಾಣವಚನ ಸ್ವೀಕರಿಸಿ ಕಟ್ಟೆಗಳನ್ನು ತಪಾಸಣೆಮಾಡುವುದು, ನೆಲವನ್ನು ಅಳೆದು ಪಾಲು ನಿಗದಿಮಾಡುವುದು, ಪಾಲು ಸಲ್ಲಿಸದವನ ಸೊತ್ತನ್ನು ಜಪ್ತಿಮಾಡುವುದು, ಈ ಅಧಿಕಾರಗಳನ್ನೆಲ್ಲ 1252ರಲ್ಲಿ ಮೂರನೆಯ ಹೆನ್ರಿ ತನ್ನ ಸನದಿನಿಂದ ಮಾನ್ಯಮಾಡಿದನು. ಆರು ವರ್ಷಗಳ ತರುವಾಯ ನ್ಯಾಯಾಧೀಶ ಹೆನ್ರಿ ಡಿ ಬಾತ್ ಅವುಗಳನ್ನು ನಿಬಂಧನೆಗಳ ರೂಪಕ್ಕೆ ತಂದನು. ರಾಜನು ಹೊಸದಾಗಿ ಏನನ್ನೂ ದಯಪಾಲಿಸಲಿಲ್ಲ, ಇದ್ದುದನ್ನು ಒಪ್ಪಿಕೊಂಡನು. ಬಳಿಕ ದೇಶದ ಇತರ ಜೌಗು ಪ್ರದೇಶಗಳಿಗೆ ಒಳಚರಂಡಿ ಮತ್ತು ಕಟ್ಟೆಗಳ ಆಯೋಗಗಳನ್ನು ನೇಮಿಸಿದಾಗಲೆಲ್ಲ ರಾಮ್ನಿ ಮಾರ್ಷಿನ ಕಟ್ಟಳೆಯನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಬೇಕೆಂಬ ವಾಡಿಕೆ ಬೆಳೆದು, 1427ರ ಶಾಸನದಲ್ಲಿ ಅದು ರಾಷ್ಟ್ರದ ಕಾನೂನೇ ಆಯಿತು. ಎಕರೆಗಿಷ್ಟೆಂದು ವಸೂಲಾಗುತ್ತಿದ್ದ ಸ್ಕಾಟ್ ಎಂಬ ತೆರಿಗೆಯ ಲೆಕ್ಕಪತ್ರಗಳು ಅನೇಕ ಶತಮಾನಗಳವು ಉಳಿದಿದ್ದು, ಯಾವ ಹೊಲ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ತಿಳಿಯಲು ಸ್ಥಳೀಯ ಇತಿಹಾಸಕಾರರಿಗೆ ಅಕ್ಷಯನಿಧಿಯಂತಿವೆ. ಡಿಮ್‌ಚರ್ಚಿನ ನ್ಯೂ ಹಾಲ್ ಎಂಬ 16ನೆಯ ಶತಮಾನದ ಕಟ್ಟಡದಲ್ಲಿ ಈ ಸಭೆ ಸೇರುತ್ತಿದ್ದಿತು. ಆ ಊರಿನ ಮುಂದಿರುವ ಮಹಾಕಟ್ಟೆಗೆ 19ನೆಯ ಶತಮಾನದಲ್ಲಿ ಕಲ್ಲಿನ ಹೊದಿಕೆ ಬರುವವರೆಗೂ, ಮಣ್ಣಿನ ಏರಿಯ ಮೇಲೆ ಮುಳ್ಳುಕಂಟಿಯ ಹೊರೆಗಳನ್ನು ಹಾಸಿ ಗೂಟ ಬಡಿದು ಬಿಗಿಯುವುದೇ ರಕ್ಷಣೆ. ಅದನ್ನು ಪದೇ ಪದೇ ಹೊಸದಾಗಿ ಮಾಡಬೇಕಾಗಿದ್ದಿತು.

13ನೆಯ ಶತಮಾನದ ಮಧ್ಯದಿಂದ ಕಡಲು ಉಗ್ರವಾಯಿತು. 1250ರಿಂದಾಚೆಗೆ ಮೇಲಿಂದ ಮೇಲೆ ಬಂದ ಬಿರುಗಾಳಿಗಳಿಂದ ಉರುಟುಗಲ್ಲಿನ ದಿಬ್ಬದ ಮೇಲಿದ್ದ ಓಲ್ಡ್ ವಿಂಚೆಲ್ಸೀ ಎಂಬ ಶ್ರೀಮಂತ ಬಂದರುಪಟ್ಟಣ ಕ್ರಮೇಣ ಕೊಚ್ಚಿಹೋಗಿ, 1287ರ ಬಿರುಗಾಳಿಯ ವೇಳೆಗೆ ಪೂರ್ಣವಾಗಿ ಕಡಲುಪಾಲಾಯಿತು. ಮೊದಲನೆಯ ಎಡ್ವರ್ಡ್ ಅದಕ್ಕೆ ಬದಲಾಗಿ ಸಮೀಪದ ಗುಡ್ಡದ ಮೇಲೆ ನೇರ ಬೀದಿಗಳ ಚೌಕಾಕೃತಿಯ ಹೊಸ ವಿಂಚೆಲ್ಸೀಯನ್ನು ನಿರ್ಮಿಸಿದನು. ಬ್ರೂಮ್‌ಹಿಲ್ ಊರೂ ಮುಳುಗಿತು. ಅದರ ಚರ್ಚಿನ ತಳಪಾಯವನ್ನು 1980ರ ದಶಕದಲ್ಲಿ ಅಗೆದು ತೆಗೆಯಲಾಯಿತು. ಸಿಂಕ್ ಪೋರ್ಟ್ಸ್ ಎಂಬ ಐದು ಬಂದರುಗಳ ಒಕ್ಕೂಟದ ಸದಸ್ಯವಾಗಿ ಅರಸನಿಗೆ ಹಡಗುಗಳನ್ನು ಒದಗಿಸುತ್ತಿದ್ದ ನ್ಯೂ ರಾಮ್ನಿಯಲ್ಲಿ ಎಷ್ಟು ಹೂಳು ತುಂಬಿತೆಂದರೆ, ಅಲ್ಲಿನ ಸೇಂಟ್ ನಿಕೊಲಸ್ ಚರ್ಚಿನ ನಾರ್ಮನ್ ದ್ವಾರವನ್ನು ಪ್ರವೇಶಿಸಬೇಕಾದರೆ ಇಂದು ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕು. ಒಂದೇ ರಾತ್ರಿಯಲ್ಲಿ ನದಿ ರಾಮ್ನಿಯನ್ನು ತೊರೆದು ರೈ ಕಡೆಗೆ ತಿರುಗಿತೆಂಬ ಜನಜನಿತ ಕಥೆಯನ್ನು ಮಾತ್ರ ಯಥಾವತ್ತಾಗಿ ಒಪ್ಪಲಾಗದು: ಬಂದರು ಅದಕ್ಕೆ ಬಹು ಮೊದಲೇ ಹೂಳಿನಿಂದ ನರಳುತ್ತಿದ್ದಿತೆಂಬುದಕ್ಕೆ ರೀ ಕಾಲುವೆಯೇ ಸಾಕ್ಷಿ, ರೈ ಬಳಿಯ ತಡೆದಿಣ್ಣೆ ದಶಕಗಳಿಂದ ಸಡಿಲವಾಗುತ್ತಿದ್ದಿತು, ಪೀಟಿನ ಮೇಲಣ ಜೌಗು ಬಸಿದಂತೆಲ್ಲ ನೆಲ ಕುಗ್ಗಿ ಕಡಲಿಗಿಂತ ಇನ್ನೂ ತಗ್ಗಾಗಿದ್ದಿತು. ಬಿರುಗಾಳಿ ಬಹುದಿನದ ವ್ಯಾಧಿಯನ್ನು ಮುಗಿಸಿತೆಂದರೆ ಸರಿಯಾದೀತು.

1348 ಮತ್ತು 1349ರ ಮಹಾಮಾರಿಯ ಅನಂತರ ಈ ಬಯಲು ಜನರಿಂದ ಬರಿದಾಗುತ್ತ ಬಂದಿತು. ಲಿಡ್ ಸುತ್ತಲಿನ ಜಲ್ಲಿಗಣಿಗಳಲ್ಲಿ ನಡೆದು 2008ರಲ್ಲಿ ವರದಿಯಾದ ವಿಸ್ತೃತ ಉತ್ಖನನಗಳು, 12 ಮತ್ತು 13ನೆಯ ಶತಮಾನಗಳಲ್ಲಿ ಕಂದಕಗಳಿಂದ ಸುತ್ತುವರಿದ ಸಣ್ಣ ಹೊಲಗಳ ನಡುವೆ ವಾಸಿಸುತ್ತ ಬೇಸಾಯದೊಡನೆ ಮೀನುಗಾರಿಕೆಯನ್ನೂ ಮಾಡಿಕೊಂಡಿದ್ದ ಕುಟುಂಬಗಳ ಮನೆಗಳನ್ನು, ಅವರ ಗಾಳಗಳನ್ನು, ಅವರು ಉಂಡುಳಿಸಿದ ಮೀನಿನ ಮುಳ್ಳುಗಳನ್ನು ಬೆಳಕಿಗೆ ತಂದಿವೆ. ಮುಂದಿನ ಎರಡು ಶತಮಾನಗಳಲ್ಲಿ ಆ ಹಿಡುವಳಿಗಳು ಒಂದರೊಳಗೊಂದು ಲೀನವಾಗಿ ದೊಡ್ಡ ಕುರಿಗಾವಲುಗಳಾದುವು. ಒಡೆಯರು ಗುಡ್ಡದ ಮೇಲಿನ ಆರೋಗ್ಯಕರ ಊರುಗಳಲ್ಲಿ ನೆಲೆಸಿ, ಲುಕರ್ ಎಂಬ ಕೂಲಿಯ ಕುರುಬರಿಗೆ ಮಂದೆಗಳನ್ನು ಒಪ್ಪಿಸುತ್ತಿದ್ದರು. ಮರಿಹಾಕುವ ಕಾಲದಲ್ಲಿ ಅವರು ತಂಗುತ್ತಿದ್ದ ಇಟ್ಟಿಗೆಯ ಪುಟ್ಟ ಗುಡಿಸಲುಗಳಲ್ಲಿ ಕೆಲವು ಮಾತ್ರ ಉಳಿದಿವೆ. ಇಲ್ಲಿ ಸಿದ್ಧಗೊಂಡ ರಾಮ್ನಿ ತಳಿಯ ಕುರಿ 19ನೆಯ ಶತಮಾನದಲ್ಲಿ ನ್ಯೂಜಿಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೋಗಿ ಅಲ್ಲಿ ಕೋಟ್ಯಂತರವಾಗಿ ಹೆಚ್ಚಿತು. ಜನ ಇಲ್ಲಿ ನಿಲ್ಲದಿದ್ದುದಕ್ಕೆ ಮತ್ತೊಂದು ಘೋರ ಕಾರಣ ಮಲೇರಿಯಾ. ಉಪ್ಪು ಬೆರೆತ ನಿಂತ ನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಜಾತಿಯ ಸೊಳ್ಳೆ ಹರಡುತ್ತಿದ್ದ ಈ ಚಳಿಜ್ವರದಿಂದಾಗಿ, ಜೌಗಿನ ಅನೇಕ ಊರುಗಳಲ್ಲಿ ದೀಕ್ಷಾಸ್ನಾನಗಳಿಗಿಂತ ಶವಸಂಸ್ಕಾರಗಳೇ ಹೆಚ್ಚೆಂಬುದನ್ನು ಚರ್ಚಿನ ದಫ್ತರುಗಳು ತೋರಿಸುತ್ತವೆ. ಜನ ಹೋದರೂ ದೇವಾಲಯಗಳು ಉಳಿದುವು. ಹೋಪ್, ಮಿಡ್ಲಿ, ಈಸ್ಟ್‌ಬ್ರಿಜ್‌ಗಳಲ್ಲಿ ಭಗ್ನಗೋಡೆಗಳು ಮಾತ್ರ ನಿಂತಿವೆ. ಫೇರ್‌ಫೀಲ್ಡಿನ ಚರ್ಚು ಊರಿಲ್ಲದೆ ಹುಲ್ಲುಗಾವಲಿನ ನಡುವೆ ಒಂಟಿಯಾಗಿದೆ. ಬ್ರೂಕ್‌ಲೆಂಡಿನಲ್ಲಿ ಮರದ ಗಂಟೆಗೋಪುರ ಚರ್ಚಿನಿಂದ ಪ್ರತ್ಯೇಕವಾಗಿ ನೆಲದ ಮೇಲೆಯೇ ನಿಂತಿದೆ. ಅದೇ ಚರ್ಚಿನೊಳಗಿನ 12ನೆಯ ಶತಮಾನದ ಸೀಸದ ದೀಕ್ಷಾಪಾತ್ರೆಯ ಮೇಲೆ ಹನ್ನೆರಡು ರಾಶಿಗಳೂ, ಅವುಗಳ ಕೆಳಗೆ ಆಯಾ ತಿಂಗಳ ಬೇಸಾಯದ ಕೆಲಸಗಳೂ ಎರಕಗೊಂಡಿವೆ; ಒಕ್ಕಲುತನದ ವರ್ಷಚಕ್ರವನ್ನು ಇಷ್ಟು ಪ್ರೀತಿಯಿಂದ ಚಿತ್ರಿಸಿದ ಕೃತಿ ಆ ದೇಶದಲ್ಲಿ ಹೆಚ್ಚಿಲ್ಲ.

ಉಣ್ಣೆಯ ಮತ್ತು ಮದ್ಯದ ಕಳ್ಳಸಾಗಣೆಯ ಕಥೆಗಳು ಕಾದಂಬರಿಕಾರರಿಗೆ ಪ್ರಿಯವಾದುವು; ಇಲ್ಲಿ ಅವುಗಳ ವಿಸ್ತಾರ ಅನಾವಶ್ಯಕ. ಹೆಚ್ಚು ಗಮನಾರ್ಹವಾದುದು 1787ರ ಒಂದು ಶಾಂತ ಕಾರ್ಯ. ಲಂಡನ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳನ್ನು ತ್ರಿಕೋಣಮಾಪನದಿಂದ ಜೋಡಿಸುತ್ತಿದ್ದ ವಿಲಿಯಮ್ ರಾಯ್ ತನ್ನ ಗಣಿತವನ್ನು ಪರೀಕ್ಷಿಸಲು ಇಲ್ಲಿನ ಸಮತಟ್ಟು ಬಯಲನ್ನೇ ಆರಿಸಿ, ಜೆಸ್ಸಿ ರ‍್ಯಾಮ್ಸ್‌ಡೆನ್ ತಯಾರಿಸಿದ ಉಕ್ಕಿನ ಸರಪಳಿಯಿಂದ ಐದು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಅಳೆಯಿಸಿದನು. ಅದೇ ಪದ್ಧತಿಯನ್ನು ಅನುಸರಿಸಿ, ಅದೇ ಕುಶಲಿಯ ಕೈಯಲ್ಲಾದ ಮತ್ತೊಂದು ಸರಪಳಿಯಿಂದ ವಿಲಿಯಮ್ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದುದರಿಂದ, ಮೈಸೂರು ಸೀಮೆಯ ಮೋಜಣಿಗೂ ಈ ಜೌಗಿಗೂ ಒಂದು ಸಂಬಂಧ ಏರ್ಪಟ್ಟಿತು. ನೆಪೋಲಿಯನ್ನನ ದಾಳಿಯ ಭೀತಿ ಹಬ್ಬಿದಾಗ ಜೌಗನ್ನೆಲ್ಲ ಮುಳುಗಿಸಿಬಿಡುವ ಆಲೋಚನೆ ಹುಟ್ಟಿ, ಅದರ ಬದಲು 1804ರಿಂದ 1809ರವರೆಗೆ ಗುಡ್ಡದ ಬುಡದಲ್ಲಿ 28 ಮೈಲಿಗಳ ರಾಯಲ್ ಮಿಲಿಟರಿ ಕಾಲುವೆಯನ್ನು ತೋಡಲಾಯಿತು. ತೀರದುದ್ದಕ್ಕೂ ಮಾರ್ಟೆಲೊ ಎಂಬ ದುಂಡು ಗೋಪುರಗಳೆದ್ದುವು. ಶತ್ರು ಬರಲಿಲ್ಲ, ಕಾಲುವೆ ಜೌಗಿನ ನೀರಿನ ನಿರ್ವಹಣೆಗೆ ಉಪಯುಕ್ತವಾಯಿತು.

20ನೆಯ ಶತಮಾನ ತನ್ನದೇ ಆದ ಪುರಾತತ್ತ್ವವನ್ನು ಇಲ್ಲಿ ಬಿಟ್ಟಿದೆ. ಬರುವ ವಿಮಾನಗಳ ಸದ್ದನ್ನು ದೂರದಿಂದಲೇ ಹಿಡಿಯಲೆಂದು 1928ರಿಂದ 1930ರವರೆಗೆ ಡೆಂಜಿನಲ್ಲಿ ಕಟ್ಟಿದ ಕಾಂಕ್ರೀಟಿನ ಶಬ್ದದರ್ಪಣಗಳು, ಅವುಗಳಲ್ಲೊಂದು 200 ಅಡಿ ಉದ್ದದ ಬಾಗಿದ ಗೋಡೆ, ರೇಡಾರ್ ಬಂದೊಡನೆ ವ್ಯರ್ಥವಾಗಿ, ಈಗ ಸಂರಕ್ಷಿತ ಸ್ಮಾರಕಗಳಾಗಿವೆ. ಎರಡನೆಯ ಮಹಾಯುದ್ಧದ ಕಾಲದಿಂದ ಆಹಾರ ಬೆಳೆಯುವ ಸಲುವಾಗಿ ಶತಮಾನಗಳ ಹುಲ್ಲುಗಾವಲನ್ನು ಉಳತೊಡಗಿದುದು ಇವೆಲ್ಲಕ್ಕಿಂತ ದೊಡ್ಡ ಪರಿವರ್ತನೆ. ಮಧ್ಯಯುಗದ ಏರಿ ಕಂದಕಗಳ ಉಬ್ಬುತಗ್ಗುಗಳು ಅದರಿಂದ ನೆಲಸಮವಾದುದು ತುಂಬಲಾರದ ನಷ್ಟ. ಆದರೆ ಅದೇ ನೇಗಿಲು ಮೇಲಕ್ಕೆತ್ತಿದ ಮಡಕೆಚೂರುಗಳನ್ನು ಉತ್ತ ಹೊಲಗಳಲ್ಲಿ ಸಾಲುಸಾಲಾಗಿ ನಡೆದು ಆಯ್ದು ಗುರುತಿಸಿದ ಆನ್ ರೀವ್ಸ್ ಮೊದಲಾದವರ ಪರಿಶ್ರಮದಿಂದ, ಕಾಗದದಲ್ಲಿ ಉಲ್ಲೇಖವಿಲ್ಲದ ಹತ್ತಾರು ಮನೆನಿವೇಶನಗಳು ಭೂಪಟವನ್ನೇರಿದುವು. ಭೂವಿಜ್ಞಾನಿಗಳು, ದಫ್ತರುಗಳ ಓದುಗರು, ಉತ್ಖನನಕಾರರು, ಊರಿನ ಆಸಕ್ತರು ಒಟ್ಟಿಗೆ ದುಡಿಯುವ ರಾಮ್ನಿ ಮಾರ್ಷ್ ರಿಸರ್ಚ್ ಟ್ರಸ್ಟ್ 1980ರ ದಶಕದಿಂದ ಈ ಶೋಧಗಳಿಗೆ ಆಶ್ರಯವಾಗಿ, 1988ರಿಂದ ಹಲವು ಸಂಪುಟಗಳು ಹೊರಬಂದಿವೆ. ಜಿಲ್ ಎಡಿಸನ್ 2000ದಲ್ಲಿ ಪ್ರಕಟಿಸಿದ ಗ್ರಂಥ ಇವೆಲ್ಲವನ್ನೂ ಸಾಮಾನ್ಯ ವಾಚಕನ ಕೈಗೆಟಕಿಸಿತು. ಡಂಜನೆಸ್ಸಿನಲ್ಲಿ 1965ರಿಂದ ವಿದ್ಯುತ್ತು ನೀಡಿದ ಮೊದಲ ಪರಮಾಣು ಸ್ಥಾವರ 2006ರಲ್ಲಿಯೂ, ಎರಡನೆಯದು ಅನಂತರವೂ ಸ್ಥಗಿತಗೊಂಡಿವೆ. ಅಲೆಗಳು ಸ್ಥಾವರಗಳ ಮುಂದಿನ ತೀರದಿಂದ ಸವೆಸಿ ಭೂಶಿರದ ಪೂರ್ವಕ್ಕೆ ಒಯ್ಯುವ ಉರುಟುಗಲ್ಲನ್ನು ಲಾರಿಗಳಲ್ಲಿ ತುಂಬಿ ಮರಳಿ ಪಶ್ಚಿಮಕ್ಕೆ ತಂದು ಸುರಿಯುವ ಕೆಲಸ ಆ ಸ್ಥಾವರಗಳ ರಕ್ಷಣೆಗಾಗಿ ದಶಕಗಳಿಂದ ನಡೆದುಬಂದಿದೆ.